ಔಷಧಶಾಸ್ತ್ರಜ್ಞೆಯನ್ನು ಕೇಳಿ: ಒಂದೆಲಗದ ಸಾರ ಮತ್ತು ಇಲಿಗಳ ನಡವಳಿಕೆ

ವಿದ್ಯಾರ್ಥಿನಿ, ವಿಜಯಪುರ: ನಮಸ್ಕಾರ ಮೇಡಂ. ಒಂದೆಲಗದ ಸಾರವನ್ನು ಚಿಟ್ಟಿಲಿಗಳಿಗೆ ಕೊಟ್ಟು ಎತ್ತರದಲ್ಲಿಟ್ಟ, ಎರಡು ತೋಳಿಗೆ ಗೋಡೆಯಿದ್ದು ಎರಡಕ್ಕಿಲ್ಲದ, ಕೂಡು ಗುರುತಿನ ಆಕಾರದ ಪ್ಲಸ್ ಮೇಜ್‌ನಲ್ಲಿ ಬಿಟ್ಟಿದ್ದೆ. ಕಿಲೋ ದೇಹತೂಕಕ್ಕೆ 400 ಮಿಲಿಗ್ರಾಂ ಪಡೆದವು ಮುಚ್ಚಿದ ತೋಳಿನಲ್ಲಿ ಸುಮ್ಮನೆ ಕುಳಿತಿದ್ದವು. ಆತಂಕ ತಗ್ಗಿದೆ ಎಂದು ಬರೆಯಬಹುದೇ?

ಔಷಧಶಾಸ್ತ್ರಜ್ಞೆ, ಬೆಳಗಾವಿ: ಬರೆಯಬೇಡಿ. ಅಂಜಿಕೆ ತಗ್ಗಿದ ಇಲಿ ಗೋಡೆಯಿಲ್ಲದ ತೋಳಿಗೆ ಬರುತ್ತದೆ, ಅಂಚಿನಿಂದ ತಲೆ ಚಾಚಿ ಕೆಳಗೆ ನೋಡುತ್ತದೆ. ನಿಮ್ಮವು ಹೆದರಿರಬಹುದು, ಮಂಪರಿನಲ್ಲಿರಬಹುದು, ಕೈಕಾಲು ಸೋತಿರಬಹುದು. ಐದು ನಿಮಿಷದಲ್ಲಿ ಮುಚ್ಚಿದ ತೋಳುಗಳನ್ನು ಎಷ್ಟು ಸಲ ಹೊಕ್ಕಿವೆ, ಎಣಿಸಿ. ಅದೂ ಕುಸಿದಿದ್ದರೆ ತಗ್ಗಿರುವುದು ಓಡಾಟ. ಓಪನ್ ಫೀಲ್ಡ್ (ತೆರೆದ ಪೆಟ್ಟಿಗೆಯಲ್ಲಿ ಓಡಾಟ ಅಳೆಯುವುದು), ರೋಟಾರಾಡ್ (ತಿರುಗುವ ಕಂಬಿಯ ಮೇಲೆ ನಿಲ್ಲುವ ಹಿಡಿತ ನೋಡುವುದು) ಎರಡನ್ನೂ ಮಾಡಿ. ಹೆಚ್ಚುವರಿ ಪ್ರಾಣಿಗಳು ಬೇಕಾದರೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಹೋಲಿಕೆಗೆ, ಆತಂಕ ತಗ್ಗಿಸುವ ಔಷಧ ಡಯಾಜೆಪಾಮ್ ಕೊಟ್ಟ ಗುಂಪು ಇದೆಯೇ? ಸಾರವಿಲ್ಲದೆ ಬರೀ ದ್ರವ ಕೊಟ್ಟ ಗುಂಪು? ಎಣಿಸುವವರಿಗೆ ಯಾವ ಇಲಿ ಯಾವ ಗುಂಪಿನದೆಂದು ತಿಳಿದಿರಬಾರದು. ಪ್ರತಿ ಇಲಿಯ ನಂತರ ಮೇಜ್ ಒರೆಸಿದಿರಾ? ಹಿಂದಿನದರ ವಾಸನೆ ಉಳಿದರೂ ಮುಂದಿನದರ ನಡೆ ಬದಲಾಗುತ್ತದೆ.

ಸದಸ್ಯ, ಮುಧೋಳ: ಒಂದೆಲಗ, ನೀರುಬ್ರಾಹ್ಮಿ ಒಂದೇ ಅಲ್ಲವೇ?

ಔಷಧಶಾಸ್ತ್ರಜ್ಞೆ: ಅಲ್ಲ. ಮೊದಲನೆಯದು ಸೆಂಟೆಲ್ಲಾ, ಎರಡನೆಯದು ಬಕೋಪಾ.

ಸದಸ್ಯೆ, ಇಂಡಿ: ಗಿಡದ ಗುರುತಿನ ಪ್ರಮಾಣಪತ್ರ ಎಲ್ಲಿ ಮಾಡಿಸಬೇಕು ಮೇಡಂ?

ಸದಸ್ಯ, ಗೋಕಾಕ: ನೆನಪಿನ ಶಕ್ತಿಗೆ ದತ್ತೂರಿ ಬೀಜವೇ ಮದ್ದು ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಹಂಚಿ.

ಔಷಧಶಾಸ್ತ್ರಜ್ಞೆ: ಹಂಚಬೇಡಿ, ಅಳಿಸಿ! ಅದು ವಿಷ. ಅದರಲ್ಲಿರುವ ಸ್ಕೋಪೊಲಮೈನನ್ನು ಪ್ರಯೋಗಾಲಯದಲ್ಲಿ ಇಲಿಗಳಿಗೆ ಮರೆವು ತರಿಸಲೆಂದೇ ಕೊಡುತ್ತಾರೆ.

ಸದಸ್ಯ, ಗೋಕಾಕ: ನಮ್ಮ ಹಿರಿಯರು ದಡ್ಡರೇ?

ಸದಸ್ಯೆ, ಬಾಗಲಕೋಟೆ: ಯಾವ ಹಿರಿಯರು ದತ್ತೂರಿ ತಿನ್ನಿಸಿದರು, ಹೇಳಿ ಅಣ್ಣಾ.

ಸದಸ್ಯ, ಗೋಕಾಕ: ನಿಮ್ಮನ್ನು ಕೇಳಿಲ್ಲ.

ಸದಸ್ಯೆ, ಬಾಗಲಕೋಟೆ: ಗುಂಪಿಗೆ ಹಾಕಿದ ಮೇಲೆ ಎಲ್ಲರೂ ಕೇಳುತ್ತಾರೆ.

ಸದಸ್ಯ, ಜಮಖಂಡಿ: ಒಂದೆಲಗ ಇಲಿಗಳಲ್ಲಿ ಸಾಬೀತಾಗಿದೆಯಂತೆ. 400 ಮಿಲಿಗ್ರಾಂ ಅಂದರೆ 60 ಕಿಲೋ ತೂಕದ ತಾಯಿಗೆ 24 ಗ್ರಾಂ ಸಾರ. ನಿದ್ದೆಮಾತ್ರೆಯ ಜೊತೆ ಕೊಡಬಹುದೇ?

ಔಷಧಶಾಸ್ತ್ರಜ್ಞೆ: ಕೊಡಬೇಡಿ. ಹಾಗೆ ಗುಣಿಸುವಂತಿಲ್ಲ. ದೇಹದ ಮೇಲ್ಮೈ ಲೆಕ್ಕದಲ್ಲಿ ಚಿಟ್ಟಿಲಿಯ ಪ್ರಮಾಣವನ್ನು 12.3ರಿಂದ ಭಾಗಿಸುತ್ತಾರೆ, ಆಗ 60 ಕಿಲೋಗೆ ಸುಮಾರು 2 ಗ್ರಾಂ. ಅದೂ ಸಂಶೋಧಕರ ಅಂದಾಜು, ಮನೆಮದ್ದಿನ ಅಳತೆಯಲ್ಲ. ನಿದ್ದೆಮಾತ್ರೆಯೊಂದಿಗೆ ಮಂಪರು ಹೆಚ್ಚಬಹುದು. ವಯಸ್ಸಾದವರು ರಾತ್ರಿ ಎದ್ದು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು.

ಸದಸ್ಯ, ಅಥಣಿ: ಹಾಗಾದರೆ ದಿನಕ್ಕೆ 2 ಗ್ರಾಂ ಸಾಕೇ?

ಔಷಧಶಾಸ್ತ್ರಜ್ಞೆ: ಮೇಲೆ ಓದಿ.

ಸದಸ್ಯ, ಗೋಕಾಕ: ಪ್ರಶ್ನೆ ಕೇಳಿದರೆ ಸಿಡುಕುವುದೇಕೆ?

ಸದಸ್ಯ, ಜಮಖಂಡಿ: ಮೇಡಂ, ನಿನ್ನೆ ರಾತ್ರಿಯೇ ಕೊಟ್ಟಿದ್ದೇವೆ. ಎಬ್ಬಿಸಿದರೆ ಎರಡು ಮಾತಾಡಿ ಮತ್ತೆ ಮಲಗುತ್ತಿದ್ದಾರೆ.

ಔಷಧಶಾಸ್ತ್ರಜ್ಞೆ: ಇಲ್ಲಿ ಬರೆಯುತ್ತ ಕೂರಬೇಡಿ. ಮಾತ್ರೆಯ ಹಾಳೆ, ಸಾರದ ಪೊಟ್ಟಣ ಎರಡನ್ನೂ ಹಿಡಿದು ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ. ವಾಂತಿ ಮಾಡಿಸಬೇಡಿ, ಏನನ್ನೂ ಕುಡಿಸಬೇಡಿ, ಒಂದು ಮಗ್ಗುಲಿಗೆ ಮಲಗಿಸಿ.