ಸೈಂಧವ ಲವಣದ ಸಂದೇಶ: ನಮ್ಮ ಮನೆಯವರ ಗುಂಪಿನಲ್ಲಿ ನಡೆದ ಚರ್ಚೆ

ಹಾಸನದ ಚಿಕ್ಕಪ್ಪ (ಫಾರ್ವರ್ಡ್): ಬಿಳಿ ಉಪ್ಪು ವಿಷ. ಗುಲಾಬಿ ಬಣ್ಣದ ಸೈಂಧವ ಲವಣದಲ್ಲಿ ಸೋಡಿಯಂ ಇಲ್ಲ, ಎಷ್ಟು ಬೇಕಾದರೂ ತಿನ್ನಬಹುದು. ಮೂರೇ ತಿಂಗಳಲ್ಲಿ ಬಿಪಿ ಮಾತ್ರೆ ಬಿಡಬಹುದು. ಎಲ್ಲರಿಗೂ ಕಳುಹಿಸಿ.

ಹಾಸನದ ಚಿಕ್ಕಪ್ಪ: ಹದಿನೈದು ದಿನಗಳಿಂದ ನಾನು ಇದನ್ನೇ ಬಳಸುತ್ತಿದ್ದೇನೆ, ಮೈ ಹಗುರವಾಗಿದೆ. ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದೇನೆ.

ನಾನು: ಚಿಕ್ಕಪ್ಪ, ಉಪ್ಪಿನ ಮಾತು ಆಮೇಲಾಗಲಿ. ಮಾತ್ರೆ ತಪ್ಪಿಸುತ್ತಿರುವುದನ್ನು ದಯವಿಟ್ಟು ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ನಡೆದುಕೊಳ್ಳಿ. ರಕ್ತದೊತ್ತಡ ಏರಿದಾಗ ಹೆಚ್ಚಿನವರಿಗೆ ಯಾವ ಸೂಚನೆಯೂ ಸಿಗುವುದಿಲ್ಲವಾದ್ದರಿಂದ, ಮೈ ಹಗುರವಾಗಿದೆ ಎಂಬುದನ್ನು ನಂಬಿ ಮಾತ್ರೆ ಬಿಡುವಂತಿಲ್ಲ.

ಇನ್ನು ಉಪ್ಪು. ಸೈಂಧವ ಲವಣವೂ ಬಹುಪಾಲು ಸೋಡಿಯಂ ಕ್ಲೋರೈಡೇ. ಪಾಕಿಸ್ತಾನದ ಖೇವ್ರಾ ಗಣಿಯಿಂದ ಬರುವ ಗುಲಾಬಿ ಉಪ್ಪಿಗೆ ಆ ಬಣ್ಣ ಬಂದಿರುವುದು ಅದರಲ್ಲಿರುವ ಒಂದಿಷ್ಟು ಕಬ್ಬಿಣದ ಅಂಶದಿಂದ. ಸೋಡಿಯಂ ಯಾವ ಉಪ್ಪಿನಿಂದ ಬಂದರೂ ದೇಹದಲ್ಲಿ ನೀರನ್ನು ಹಿಡಿದಿಡುತ್ತದೆ, ಒತ್ತಡ ಏರುವುದು ಅದರಿಂದಲೇ.

ಹಾಸನದ ಚಿಕ್ಕಪ್ಪ: ಲವಣಗಳಲ್ಲಿ ಸೈಂಧವವೇ ಶ್ರೇಷ್ಠವೆಂದು ಆಯುರ್ವೇದವೇ ಹೇಳಿದೆಯಲ್ಲಪ್ಪ? ನಮ್ಮ ಹಿರಿಯರು ಅಯೋಡಿನ್ನಿನ ಹೆಸರನ್ನೂ ಕೇಳದೆ ಕಲ್ಲುಪ್ಪು ತಿಂದು ಬದುಕಿದರು.

ನಾನು: ಶ್ರೇಷ್ಠವೆಂದು ಆಯುರ್ವೇದದ ಹಳೆಯ ಗ್ರಂಥ ಚರಕ ಸಂಹಿತೆ ಹೇಳಿರುವುದು ನಿಜ. ಆದರೆ ಅತಿಯಾಗಿ ಬಳಸಬಾರದ ಮೂರು ದ್ರವ್ಯಗಳೆಂದು ಹಿಪ್ಪಲಿ, ಕ್ಷಾರ, ಲವಣಗಳನ್ನು ಹೆಸರಿಸಿರುವುದೂ ಅದೇ ಚರಕ ಸಂಹಿತೆ. ‘ಎಷ್ಟು ಬೇಕಾದರೂ’ ಎಂಬ ಮಾತು ಈ ಸಂದೇಶ ಬರೆದವರದು, ಚರಕನದಲ್ಲ.

ಹಿರಿಯರ ವಿಷಯಕ್ಕೆ ಬಂದರೆ, ಅವರಲ್ಲಿ ಎಷ್ಟು ಜನರಿಗೆ ಬಿಪಿ ಇತ್ತೆಂದು ಆಗ ಅಳೆದವರು ಯಾರು? ಅಂಗಡಿಯ ಬಿಳಿ ಉಪ್ಪಿಗೆ ಬೆರೆಸುವ ಅಯೋಡಿನ್ ಸೈಂಧವದಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಯೋಡಿನ್ ಸಾಲದೆ ಗಳಗಂಡ (ಕುತ್ತಿಗೆ ಊದುವ ರೋಗ) ಬಂದವರು ಹಿಮಾಲಯದ ತಪ್ಪಲಿನಲ್ಲಿ ಲೆಕ್ಕವಿಲ್ಲದಷ್ಟಿದ್ದರು. ವೈದ್ಯವಿಜ್ಞಾನಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜೊತೆಗಾರರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿದಾಗ ಗಳಗಂಡ ಇಳಿಯಿತು. 1962ರಲ್ಲಿ ಗಳಗಂಡ ತಡೆಯುವ ದೇಶಮಟ್ಟದ ಕಾರ್ಯಕ್ರಮ ಶುರುವಾದದ್ದು ಆ ಕೆಲಸದ ಬಲದ ಮೇಲೆ.

ಮೈಸೂರಿನ ಅತ್ತಿಗೆ: ನನಗೀಗ ನಾಲ್ಕು ತಿಂಗಳು. ಚಿಕ್ಕಪ್ಪನವರ ಮಾತು ಕೇಳಿ ನಾನೂ ಹೋದ ವಾರ ಉಪ್ಪು ಬದಲಾಯಿಸಿದೆ. ತೊಂದರೆಯಿಲ್ಲ ತಾನೆ?

ನಾನು: ಒಂದು ವಾರಕ್ಕೆ ಗಾಬರಿಪಡುವಂಥದ್ದೇನೂ ಇಲ್ಲ ಅತ್ತಿಗೆ, ಆದರೆ ಅಯೋಡಿನ್ ಇರುವ ಉಪ್ಪಿಗೇ ಮರಳಿ. ಗರ್ಭಿಣಿಯರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಅಯೋಡಿನ್ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗುವಿನ ಮೆದುಳು ಬೆಳೆಯುವ ಈ ಕಾಲದಲ್ಲಿ ಅದು ಕಡಿಮೆಯಾಗಬಾರದು. ಪೊಟ್ಟಣದ ಮೇಲೆ ‘ಅಯೋಡಿನ್‌ಯುಕ್ತ’ ಎಂದಿದೆಯೇ ನೋಡಿಕೊಳ್ಳಿ, ಡಬ್ಬಿಯನ್ನು ಮುಚ್ಚಳ ಹಾಕಿ ಒಲೆಯಿಂದ ದೂರವಿಡಿ. ಮುಂದಿನ ತಪಾಸಣೆಯಲ್ಲಿ ಡಾಕ್ಟರ್ ಹತ್ತಿರವೂ ಈ ಮಾತೆತ್ತಿ.

ದೊಡ್ಡತ್ತೆ: ಹಾಗಾದರೆ ಎಷ್ಟು ತಿನ್ನಬೇಕು? ಅಡುಗೆ ಮಾಡುವವಳು ಗ್ರಾಂ ಲೆಕ್ಕ ಹಿಡಿದುಕೊಂಡು ಕೂರುವುದಕ್ಕಾಗುತ್ತದೆಯೇ?

ನಾನು: ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಟೀ ಚಮಚ ತುಂಬುವಷ್ಟೂ ಬೇಡ. ದಿನವೂ ಅಳೆಯಬೇಕಾಗಿಲ್ಲ ಅತ್ತೆ, ಪೊಟ್ಟಣ ಒಡೆದ ತಾರೀಖನ್ನು ಅದರ ಮೇಲೆ ಬರೆದಿಟ್ಟರೆ ಸಾಕು. ನಾಲ್ಕು ಜನರ ಮನೆಯಲ್ಲಿ ಒಂದು ಕೆಜಿ ಉಪ್ಪು 50 ದಿನ ಬರಬೇಕು. ನಾನು ಬರೆದಿಟ್ಟು ನೋಡಿದಾಗ ನಮ್ಮಲ್ಲಿ 27ನೇ ದಿನಕ್ಕೇ ಖಾಲಿಯಾಗಿತ್ತು. ತರಕಾರಿ ತೊಳೆಯುವುದಕ್ಕೆ, ಅನ್ನ ಬಸಿಯುವ ಗಂಜಿಗೆ ಒಂದಿಷ್ಟು ಹೋಗಿದ್ದರೂ ಉಳಿದದ್ದು ನಮ್ಮ ಹೊಟ್ಟೆಗೇ. ಇನ್ನು ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚೌಚೌ, ಬ್ರೆಡ್ಡುಗಳಲ್ಲಿ ಇರುವುದು ಈ ಲೆಕ್ಕಕ್ಕೆ ಬರಲೇ ಇಲ್ಲ. ಊಟದ ಎಲೆಗೆ ಬೇರೆ ಉಪ್ಪು ಬಡಿಸುವುದನ್ನು ಮೊದಲು ನಿಲ್ಲಿಸಿದೆವು. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು ಜಜ್ಜಿ ಹಾಕುತ್ತೇವೆ. ಮೊದಮೊದಲು ಸಾರು ಸಪ್ಪೆ ಎನಿಸಿತು, ಮೂರನೆಯ ವಾರದ ಹೊತ್ತಿಗೆ ನಾಲಿಗೆ ಒಗ್ಗಿತು.

ಮೈಸೂರಿನ ಅಣ್ಣ: ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಬೇರೆಯೇ ಸಿಗುತ್ತದಲ್ಲ, ಚಿಕ್ಕಪ್ಪನಿಗೆ ಅದನ್ನು ತರಲೇ?

ನಾನು: ಕೇಳದೆ ತರಬೇಡ ಅಣ್ಣ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿಪಿಯ ಕೆಲವು ಮಾತ್ರೆ ನುಂಗುವವರಿಗೆ ಅದು ಅಪಾಯ ತರಬಹುದು. ಚಿಕ್ಕಪ್ಪನ ಮಾತ್ರೆಯ ಚೀಟಿಯನ್ನು ಡಾಕ್ಟರಿಗೆ ತೋರಿಸಿಯೇ ತೀರ್ಮಾನಿಸು.

ಹಾಸನದ ಚಿಕ್ಕಪ್ಪ: ಡಾಕ್ಟರಿಗೆ ಫೋನ್ ಮಾಡಿದೆ. ನಾಳೆ ಬೆಳಿಗ್ಗೆ ಬರಹೇಳಿದ್ದಾರೆ. ಸೈಂಧವ ಒಳ್ಳೆಯದೆಂಬ ನನ್ನ ನಂಬಿಕೆ ಹೋಗಿಲ್ಲ, ಆದರೆ ಮಾತ್ರೆಯ ಸಾಲಿರುವ ಆ ಸಂದೇಶವನ್ನು ಅಳಿಸಿದ್ದೇನೆ. ನಾನು ಅದನ್ನು ಯಾರಿಗೆ ಕಳುಹಿಸಿದ್ದೆನೋ ಆ ಇನ್ನಿಬ್ಬರಿಗೂ ಈಗಲೇ ಹೇಳುತ್ತೇನೆ.