ರೆಕಾರ್ಡಿಂಗ್ ಪ್ರಶ್ನೋತ್ತರ: ನಮ್ಮ ಹತ್ತಿರ 14 ಹಾಡು ಇವೆ, ಎಲ್ಲವನ್ನೂ ಆಲ್ಬಮ್‌ಗೆ ಹಾಕಬೇಕಾ?

ಪ್ರಶ್ನೆ (ಕುಮಟಾದಿಂದ): ನಮಸ್ಕಾರ ಅಣ್ಣ. ನಾವು ಮೂವರು ಸ್ನೇಹಿತರು ಸೇರಿ ಕನ್ನಡ, ಕೊಂಕಣಿ ಎರಡರಲ್ಲೂ ಪಾಪ್ ಹಾಡು ಮಾಡಿದ್ದೇವೆ. ಒಟ್ಟು 14 ಆಗಿವೆ. ದೀಪಾವಳಿ ಹೊತ್ತಿಗೆ ಆಲ್ಬಮ್ ಬಿಡಬೇಕು ಅಂತ ಆಸೆ. ಮೈಕಲ್ ಜಾಕ್ಸನ್ ಅವರ 'ಥ್ರಿಲ್ಲರ್' ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಅಂತ ಓದಿದೆ. ಅದು ಗೆದ್ದಿದ್ದು ದುಡ್ಡಿನಿಂದಲಾ, ದೊಡ್ಡ ಸ್ಟುಡಿಯೊದಿಂದಲಾ? ನಮ್ಮಂಥವರು ಅದರಿಂದ ಕಲಿಯುವುದು ಏನಾದರೂ ಇದೆಯಾ? ನೀವು ಶಿರಸಿಯಲ್ಲಿ ರೆಕಾರ್ಡಿಂಗ್ ಮಾಡುತ್ತೀರಿ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಉತ್ತರ: ತಮ್ಮಾ, ದುಡ್ಡು ಇತ್ತು, ಇಲ್ಲ ಅನ್ನುವುದಿಲ್ಲ. ಆ ಕಾಲಕ್ಕೇ ಸುಮಾರು 7,50,000 ಡಾಲರ್ ಖರ್ಚು ಮಾಡಿದ್ದರು. ಲಾಸ್ ಏಂಜಲಿಸ್‌ನ ವೆಸ್ಟ್‌ಲೇಕ್ ಸ್ಟುಡಿಯೊ, ನಿರ್ಮಾಪಕ ಕ್ವಿನ್ಸಿ ಜೋನ್ಸ್, ರೆಕಾರ್ಡಿಂಗ್ ಎಂಜಿನಿಯರ್ ಬ್ರೂಸ್ ಸ್ವೀಡಿಯನ್. ಆದರೆ ದುಡ್ಡು, ಸ್ಟುಡಿಯೊ ಇದ್ದ ಬೇರೆ ಆಲ್ಬಮ್‌ಗಳೂ ಆಗ ಬೇಕಾದಷ್ಟು ಬಂದಿದ್ದವು. ನನ್ನ ಪ್ರಕಾರ ಥ್ರಿಲ್ಲರ್ ಉಳಿದಿದ್ದು ಇನ್ನೊಂದು ಕಾರಣಕ್ಕೆ. ಮುಗಿದಿದೆ ಅಂದುಕೊಂಡ ಕೆಲಸವನ್ನು ಅವರು ಮತ್ತೆ ಬಿಚ್ಚಿದರು.

ನಡೆದದ್ದು ಹೀಗೆ. 1982ರ ಏಪ್ರಿಲ್‌ನಲ್ಲಿ ರೆಕಾರ್ಡಿಂಗ್ ಶುರುವಾಯಿತು. ರೆಕಾರ್ಡ್ ಕಂಪನಿ ಕೊಟ್ಟ ಗಡುವು ತಲೆ ಮೇಲೆ ಕೂತಿತ್ತು. ಕೊನೆಗೆ ಎಲ್ಲ ಹಾಡು ಮುಗಿಸಿ, ಎಲ್‌ಪಿಗೆ, ಅಂದರೆ ಆಗಿನ ಗ್ರಾಮಫೋನ್ ತಟ್ಟೆಗೆ, ಇಳಿಸಿ ಕೇಳಿದರೆ ಸದ್ದಿನಲ್ಲಿ ಜೀವವೇ ಇರಲಿಲ್ಲ. ಮೈಕಲ್ ಕಣ್ಣೀರು ಹಾಕಿದರಂತೆ. ಕಾರಣ ಬಹಳ ಸರಳ. ಒಂದು ಬದಿಯಲ್ಲಿ ಜಾಸ್ತಿ ನಿಮಿಷ ತುಂಬಿದ್ದರು. ಎಲ್‌ಪಿಯಲ್ಲಿ ಸದ್ದು ಇರುವುದು ಗೀರುಗಳಲ್ಲಿ. ನಿಮಿಷ ಹೆಚ್ಚಾದಷ್ಟೂ ಗೀರುಗಳನ್ನು ಒತ್ತೊತ್ತಾಗಿ, ಕಿರಿದಾಗಿ ಕೊರೆಯಬೇಕು. ಬೇಸ್‌ಗೆ, ಅಂದರೆ ತಗ್ಗಿನ ಗುಂಯ್ ಅನ್ನುವ ಸದ್ದಿಗೆ, ಅಗಲವಾದ ಗೀರು ಬೇಕು. ಜಾಗ ಇಲ್ಲದಿದ್ದರೆ ಬೇಸ್ ಇಳಿಸಬೇಕು, ಒಟ್ಟು ಸದ್ದನ್ನೂ ಇಳಿಸಬೇಕು.

ಗಡುವು ಬದಿಗಿಟ್ಟು ಮತ್ತೆ ಕೂತರು. ಒಂದೊಂದೇ ಹಾಡನ್ನು ಹೊಸದಾಗಿ ಮಿಕ್ಸ್ ಮಾಡಿದರು, ಅಂದರೆ ದನಿ, ವಾದ್ಯಗಳ ಸದ್ದನ್ನು ಮತ್ತೆ ಹದವಾಗಿ ಬೆರೆಸಿದರು. ಕೊನೆಯ ಹಾಡಿನಿಂದ ಒಂದು ಚರಣವನ್ನೇ ತೆಗೆದರು. ಹಾಡಿ, ನುಡಿಸಿ, ಇಷ್ಟಪಟ್ಟ ಭಾಗವನ್ನು ತೆಗೆಯುವುದು ಎಷ್ಟು ಕಷ್ಟ ಅಂತ ಹಾಡು ಮಾಡಿದವರಿಗೇ ಗೊತ್ತು, ಅಲ್ವಾ? 1982ರ ನವೆಂಬರ್ ಕೊನೆಗೆ ಹೊರಬಂದಾಗ ಇದ್ದದ್ದು 9 ಹಾಡು, ಸುಮಾರು 42 ನಿಮಿಷ. ಅದರಲ್ಲಿ 7 ಹಾಡು ಅಮೆರಿಕದ ಮೊದಲ ಹತ್ತರ ಪಟ್ಟಿಗೆ ಹೋದವು. ಆಲ್ಬಮ್ 37 ವಾರ ಒಂದನೇ ಸ್ಥಾನದಲ್ಲಿತ್ತು.

ನೀವು ಎಲ್‌ಪಿ ಮಾಡುತ್ತಿಲ್ಲ, ಫೋನಿಗೆ ಎಷ್ಟು ನಿಮಿಷವಾದರೂ ಹಿಡಿಸುತ್ತದೆ. ಆದರೆ ಕೇಳುವವನ ಕಿವಿ ಅಷ್ಟು ಹಿಡಿಯುವುದಿಲ್ಲ. 14ರಲ್ಲಿ ಒಂದೊಂದನ್ನೂ ಬೇರೆಯಾಗಿ, ಒಂಟಿಯಾಗಿ ಕೇಳಿ. 'ಇದೊಂದನ್ನೇ ಬಿಡುಗಡೆ ಮಾಡಿದರೂ ಜನ ಕೇಳುತ್ತಾರೆ' ಅನ್ನಿಸಿದ್ದು ಮಾತ್ರ ಇರಲಿ. ಆರೇ ಉಳಿದರೆ ಆರೇ ಸಾಕು.

ಪ್ರಶ್ನೆ (ಕಾರವಾರದಿಂದ): ಸರ್, ನಾನು ಡ್ಯಾನ್ಸ್ ಕ್ಲಾಸ್ ನಡೆಸುತ್ತೇನೆ. ನನಗನ್ನಿಸುವುದು, ಥ್ರಿಲ್ಲರ್ ಮಾರಾಟವಾಗಿದ್ದು ವಿಡಿಯೊದಿಂದ, ಮತ್ತೆ ಮುಂದೆ ನಡೆದಂತೆ ಕಾಣುತ್ತಾ ಹಿಂದಕ್ಕೆ ಜಾರುವ ಆ ಮೂನ್‌ವಾಕ್ ಕುಣಿತದಿಂದ. ಹಾಡು ಮಾತ್ರ ಇದ್ದಿದ್ದರೆ ಅಷ್ಟು ಹೋಗುತ್ತಿತ್ತಾ?

ಉತ್ತರ: ಮೇಡಂ, ನಿಮ್ಮ ಮಾತಲ್ಲಿ ಅರ್ಧ ನಿಜ ಖಂಡಿತ ಇದೆ. ಹಾಡಿನ ವಿಡಿಯೊ ತೋರಿಸುವ ಅಮೆರಿಕದ ವಾಹಿನಿ ಎಂಟಿವಿ ಶುರುವಾಗಿ ಆಗಿನ್ನೂ ಎರಡು ವರ್ಷವೂ ತುಂಬಿರಲಿಲ್ಲ. ಕಪ್ಪು ಕಲಾವಿದರ ವಿಡಿಯೊ ಅಲ್ಲಿ ಕಾಣುತ್ತಿದ್ದದ್ದೇ ಅಪರೂಪ. ಈ ಆಲ್ಬಮ್‌ನ 'ಬಿಲ್ಲಿ ಜೀನ್' ಹಾಡು ಆ ಬಾಗಿಲು ತೆರೆಯಿತು. ನನಗೆ ಮಾರಾಟದ ಲೆಕ್ಕಕ್ಕಿಂತ ಇದೇ ದೊಡ್ಡ ಗೆಲುವು. 1983ರ ಮೇ ತಿಂಗಳಲ್ಲಿ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ 25ನೇ ವರ್ಷದ ಕಾರ್ಯಕ್ರಮ ಟಿವಿಯಲ್ಲಿ ಬಂತು. ಅದರಲ್ಲೇ ಜನ ಅವರ ಮೂನ್‌ವಾಕ್ ಮೊದಲು ನೋಡಿದ್ದು. ಡಿಸೆಂಬರ್‌ನಲ್ಲಿ ಜಾನ್ ಲ್ಯಾಂಡಿಸ್ ನಿರ್ದೇಶನದ, ಸುಮಾರು 14 ನಿಮಿಷದ 'ಥ್ರಿಲ್ಲರ್' ವಿಡಿಯೊ ಬಂತು. ಮಾರಾಟ ಮತ್ತೆ ಏರಿತು.

ಆದರೆ ದಿನಾಂಕ ನೋಡಿ. ಆಲ್ಬಮ್ ಒಂದನೇ ಸ್ಥಾನಕ್ಕೆ ಹೋಗಿದ್ದು 1983ರ ಫೆಬ್ರವರಿಯಲ್ಲಿ. ಮೂನ್‌ವಾಕ್ ಟಿವಿಯಲ್ಲಿ ಬರುವ ಮುಂಚೆಯೇ ಹಾಡು ಜನರನ್ನು ಹಿಡಿದಾಗಿತ್ತು. ಕುಣಿತ ಅದನ್ನು ಇನ್ನೂ ದೂರ ಕೊಂಡೊಯ್ದಿತು. 'ಬಿಲ್ಲಿ ಜೀನ್' ಶುರುವಿನ ಉದ್ದ ಸಂಗೀತವನ್ನು ಕತ್ತರಿಸೋಣ ಎಂದು ಕ್ವಿನ್ಸಿ ಹೇಳಿದ್ದರು. ಅದು ಕೇಳಿದರೇ ಕುಣಿಯಬೇಕು ಅನ್ನಿಸುತ್ತದೆ, ಬೇಡ ಎಂದು ಮೈಕಲ್ ಹಟ ಹಿಡಿದರು. ನಿಮ್ಮ ಕ್ಲಾಸಿನಲ್ಲಿ ಆ ಭಾಗ ಹಾಕಿ ನೋಡಿ, ಹಟ ಹಿಡಿದದ್ದು ಯಾಕೆಂದು ಮಕ್ಕಳ ಕಾಲೇ ಹೇಳುತ್ತದೆ.

ಪ್ರಶ್ನೆ (ಕುಮಟಾದಿಂದ, ಮತ್ತೆ): ಅಣ್ಣ, ಇನ್ನೊಂದು. ನಮ್ಮ ಮಿಕ್ಸ್‌ನಲ್ಲಿ ಎಲ್ಲ ಜೋರಾಗಿ ಕೇಳುತ್ತದೆ, ಆದರೆ ಯಾವುದೂ ಸ್ಪಷ್ಟ ಇಲ್ಲ. ರೆಕಾರ್ಡ್ ಮಾಡಿದ್ದು ಮನೆಯ ಮಾಳಿಗೆಯಲ್ಲಿ, ಮೇಲೆ ತಗಡಿನ ಶೀಟು. ದುಬಾರಿ ಮೈಕ್ ತಗೊಳ್ಳಬೇಕಾ?

ಉತ್ತರ: ಮೈಕ್ ಸುಮ್ನೆ ತಗೊಳ್ಳಬೇಡಿ. ಆ ಆಲ್ಬಮ್‌ನಲ್ಲಿ ಮೈಕಲ್ ಅವರ ದನಿಗೆ ಸ್ವೀಡಿಯನ್ ಹೆಚ್ಚಾಗಿ ಬಳಸಿದ್ದು ಶೂರ್ ಎಸ್‌ಎಂ7. ಅದು ಡೈನಮಿಕ್ ಮೈಕ್, ಸ್ಟುಡಿಯೊದ ದುಬಾರಿ ಕಂಡೆನ್ಸರ್ ಅಲ್ಲ. ಡೈನಮಿಕ್ ಮೈಕ್‌ಗೆ ಹತ್ತಿರ ನಿಂತು ಹಾಡಿದರೆ ಕೋಣೆಯ ಸದ್ದು ಕಡಿಮೆ ಬರುತ್ತದೆ. ನಿಮ್ಮ ಮಾಳಿಗೆಗೆ ಬೇಕಾದದ್ದು ಅದೇ. ಮಳೆಗಾಲದಲ್ಲಿ ಶೀಟಿನ ಕೆಳಗೆ ದನಿ ರೆಕಾರ್ಡ್ ಮಾಡಲೇಬೇಡಿ. ನಮ್ಮ ಕಡೆಯ ಮಳೆ ಹಾಡಿನೊಳಗೆ ಸೇರಿದರೆ ಆಮೇಲೆ ಯಾವ ಸಾಫ್ಟ್‌ವೇರ್ ತೆಗೆದರೂ ದನಿ ಕೆಡುತ್ತದೆ. ಕೆಳಗಿನ ಕೋಣೆಗೆ ಇಳಿಯಿರಿ, ಹಾಡುವವರ ಹಿಂದೆ ದಪ್ಪ ಕಂಬಳಿ ಕಟ್ಟಿ, ಫ್ಯಾನ್ ಆಫ್ ಮಾಡಿ.

ಸ್ಪಷ್ಟತೆಯ ವಿಷಯ ಬೇರೆ. ಬಡಗಿನ ಯಕ್ಷಗಾನ ಕೇಳಿದ್ದೀರಲ್ಲ. ಭಾಗವತರ ಪದ ಮೆತ್ತಗೆ ಸಾಗುವಾಗ ಮದ್ದಳೆ ಜೊತೆಗಿರುತ್ತದೆ, ಚಂಡೆ ಕಾಯುತ್ತದೆ. ಅದಕ್ಕೇ ಚಂಡೆ ಬಿದ್ದಾಗ ಮೈ ಜುಮ್ ಅನ್ನುವುದು. ನಿಮ್ಮ ಮಿಕ್ಸ್‌ನಲ್ಲಿ ಎಲ್ಲರೂ ಮೊದಲಿಂದ ಕೊನೆವರೆಗೂ ನುಡಿಸುತ್ತಿದ್ದಾರೆ. 'ಬಿಲ್ಲಿ ಜೀನ್'ನಲ್ಲಿ ಮೊದಲು ಬರೀ ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಕೀಬೋರ್ಡ್. ಆ ಡ್ರಮ್ಸ್‌ಗಾಗಿ ಸ್ವೀಡಿಯನ್ ಪ್ಲೈವುಡ್ ಕಟ್ಟೆ ಮಾಡಿಸಿದ್ದರು. ಸ್ನೇರ್ ಅನ್ನುವ ಡ್ರಮ್ಮಿಗೂ ಹೈಹ್ಯಾಟ್ ಅನ್ನುವ ಜೋಡಿ ತಾಳಕ್ಕೂ ನಡುವೆ ಮರದ ಹಲಗೆ ಇಟ್ಟು, ಒಂದರ ಸದ್ದು ಇನ್ನೊಂದರ ಮೈಕಿಗೆ ಹೋಗದಂತೆ ನೋಡಿಕೊಂಡರು. ಮಿಕ್ಸ್ ಮಾಡುವಾಗ ಸರಿಪಡಿಸೋಣ ಅಂತ ಬಿಡಲಿಲ್ಲ.

ನೀವು ಮೊದಲು ದನಿ, ತಾಳ, ಬೇಸ್ ಮೂರನ್ನೇ ಇಟ್ಟು ಕೇಳಿ. ಅಷ್ಟರಲ್ಲೇ ಹಾಡು ಗಟ್ಟಿಯಾಗಿ ನಿಲ್ಲುತ್ತದೆ ಅನ್ನಿಸಿದರೆ ಉಳಿದದ್ದನ್ನು ಒಂದೊಂದಾಗಿ ಸೇರಿಸಿ. ಹಳೆಯ ಮಿಕ್ಸ್‌ಗಳನ್ನು ಅಳಿಸಬೇಡಿ, ದಿನಾಂಕ ಹಾಕಿ ಇಟ್ಟುಕೊಳ್ಳಿ. ಸ್ವೀಡಿಯನ್ ಅದೇ 'ಬಿಲ್ಲಿ ಜೀನ್' ಹಾಡಿಗೆ 91 ಮಿಕ್ಸ್ ಮಾಡಿದ್ದರು, ಕೊನೆಗೆ ಎಲ್ಲರೂ ಒಪ್ಪಿ ಹಾಕಿದ್ದು ಎರಡನೆಯದನ್ನು. ನಿಮ್ಮ ಎರಡು ಹಾಡುಗಳ ಮೊದಲ ಮಿಕ್ಸ್, ಈಗಿನ ಮಿಕ್ಸ್ ಎರಡನ್ನೂ ಸದ್ದನ್ನು ಕುಗ್ಗಿಸದ ವೇವ್ ಫೈಲ್‌ನಲ್ಲೇ ಕಳಿಸಿ, ವಾಟ್ಸಾಪ್ ಆಡಿಯೊ ಬೇಡ. ಕೇಳಿ ಇಲ್ಲೇ ಬರೆಯುತ್ತೇನೆ.