ಒಂದೇ ಮನೆ, ನಾಲ್ಕು ಬಗೆಯ ಸ್ಟೇಟಸ್: ಕ್ರೂಸ್‌ಗೆ ಯಾರು ಯಾವ ದಾಖಲೆ ಹಿಡಿದುಕೊಳ್ಳಬೇಕು?

ಅಲೆಮಾರಿ72

ನಮಸ್ಕಾರ. ಫ್ಲೋರಿಡಾದ ಪೋರ್ಟ್ ಕೆನವೆರಲ್‌ನಿಂದ ಹೊರಟು ನಸ್ಸೌ (ಬಹಾಮಾಸ್), ಕೊಝುಮೆಲ್ (ಮೆಕ್ಸಿಕೋ) ಮುಟ್ಟಿ ಮತ್ತೆ ಅಲ್ಲಿಗೇ ಬರುವ ಏಳು ರಾತ್ರಿಯ ಕ್ರೂಸ್ ನೋಡಿಟ್ಟಿದ್ದೇವೆ. ಇನ್ನೂ ದುಡ್ಡು ಕಟ್ಟಿಲ್ಲ. ಹೋಗುವವರು ಆರು ಜನ:

ನಾನು: ಭಾರತದ ಪಾಸ್‌ಪೋರ್ಟ್, ಗ್ರೀನ್ ಕಾರ್ಡ್.
ಹೆಂಡತಿ: ಅಮೆರಿಕದ ಪೌರತ್ವ ಸಿಕ್ಕಿದೆ, ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ.
ಮಗಳು: ಇಲ್ಲೇ ಹುಟ್ಟಿದವಳು, ಒಂಬತ್ತು ವರ್ಷ.
ಅಪ್ಪ-ಅಮ್ಮ: ಬಿ1/ಬಿ2 (ಪ್ರವಾಸಿ) ವೀಸಾದಲ್ಲಿ ಬಂದಿದ್ದಾರೆ.
ಭಾಮೈದ: ಎಚ್‌-1ಬಿ. ಕೆಲಸದ ವೀಸಾ ಇದು. ಪಾಸ್‌ಪೋರ್ಟ್‌ನಲ್ಲಿನ ವೀಸಾ ಸ್ಟ್ಯಾಂಪ್ ಮುಗಿದಿದೆ, ಐ-797 (ಸ್ಟೇಟಸ್ ಮಂಜೂರಾದ ಪತ್ರ) ಮತ್ತು ಐ-94 (ಎಲ್ಲಿಯವರೆಗೆ ಇರಬಹುದೆಂಬ ಪ್ರವೇಶ ದಾಖಲೆ) ಚಾಲ್ತಿಯಲ್ಲಿವೆ.

ಏಜೆಂಟ್ "ಇದು ಕ್ಲೋಸ್ಡ್ ಲೂಪ್, ಬರ್ತ್ ಸರ್ಟಿಫಿಕೇಟ್ ಮತ್ತು ಡ್ರೈವಿಂಗ್ ಲೈಸೆನ್ಸ್ ಇದ್ದರೆ ಸಾಕು" ಅನ್ನುತ್ತಾರೆ. ನಿಜವೇ? ನಮ್ಮ ಲೈಸೆನ್ಸ್‌ಗಳೆಲ್ಲ ರಿಯಲ್ ಐಡಿ, ಅಂದರೆ ಫೆಡರಲ್ ಮಾನದಂಡಕ್ಕೆ ಹೊಂದುವಂಥವು. ಇದು ತೊಡಕಾದರೆ ಸಿಯಾಟಲ್‌ನಿಂದ ಅಲಾಸ್ಕಾಗೆ ಹೋಗೋಣ ಅಂತ ಮನೆಯಲ್ಲಿ ಮಾತು. ಅದು ಅಮೆರಿಕದೊಳಗೇ ಇರುವುದರಿಂದ ಸಲೀಸಲ್ಲವೇ?

ಬಂದರುಕಟ್ಟೆ

ಏಜೆಂಟ್ ಹೇಳಿದ್ದು ನಿಮ್ಮ ಆರು ಜನರಲ್ಲಿ ಇಬ್ಬರಿಗೆ ಮಾತ್ರ ಅನ್ವಯಿಸುತ್ತದೆ.

ಅಮೆರಿಕದ ಒಂದು ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಯಾನವೇ ಕ್ಲೋಸ್ಡ್ ಲೂಪ್. 2009ರ ಜೂನ್ 1ರಿಂದ ಸಮುದ್ರ ಮತ್ತು ಭೂಮಾರ್ಗಕ್ಕೆ ಪಾಸ್‌ಪೋರ್ಟ್ ನಿಯಮ ಬಿಗಿಯಾದಾಗ ಇಂಥ ಯಾನಗಳಿಗೆ ಒಂದು ರಿಯಾಯಿತಿ ಉಳಿಸಿದರು. ಆ ರಿಯಾಯಿತಿ ಅಮೆರಿಕದ ಪ್ರಜೆಗಳಿಗೆ ಮಾತ್ರ. ಪೌರತ್ವದ ಪುರಾವೆ ಮತ್ತು ಸರ್ಕಾರಿ ಫೋಟೋ ಐಡಿ ಇದ್ದರೆ ಅವರು ಪಾಸ್‌ಪೋರ್ಟ್ ಇಲ್ಲದೆ ಮರಳಬಹುದು. 16 ತುಂಬದ ಮಕ್ಕಳಿಗೆ ಫೋಟೋ ಐಡಿಯೂ ಬೇಡ.

ಮಗಳಿಗೆ ಬರ್ತ್ ಸರ್ಟಿಫಿಕೇಟ್ ಸಾಕು. ಆದರೆ ರಾಜ್ಯ ಅಥವಾ ಕೌಂಟಿಯ ಜನನ ನೋಂದಣಿ ಕಚೇರಿ ಕೊಟ್ಟದ್ದಾಗಬೇಕು. ಆಸ್ಪತ್ರೆಯವರು ಪುಟ್ಟ ಪಾದದ ಗುರುತು ಒತ್ತಿ ಕೊಡುವ ಚಂದದ ಕಾಗದ ನಡೆಯುವುದಿಲ್ಲ. ಟರ್ಮಿನಲ್‌ನಲ್ಲಿ ಕುಟುಂಬಗಳು ಸಿಕ್ಕಿಹಾಕಿಕೊಳ್ಳುವ ಮಾಮೂಲಿ ಜಾಗ ಇದು.

ರಿಯಲ್ ಐಡಿ ವಿಷಯ ಬಿಟ್ಟುಬಿಡಿ. 2025ರ ಮೇ 7ರಿಂದ ಅದನ್ನು ಕೇಳುತ್ತಿರುವುದು ದೇಶದೊಳಗಿನ ವಿಮಾನಗಳಿಗೆ. ಪ್ರಜೆಗಳಲ್ಲದವರಿಗೂ ರಿಯಲ್ ಐಡಿ ಸಿಗುತ್ತದೆ, ಹಾಗಾಗಿ ಅದು ಪೌರತ್ವಕ್ಕೆ ಪುರಾವೆಯಾಗಲಾರದು. ಹೆಂಡತಿಯ ಲೈಸೆನ್ಸ್ ಇಲ್ಲಿ ಬರೀ ಫೋಟೋ ಐಡಿ. ಮಿಶಿಗನ್, ಮಿನೆಸೋಟ, ನ್ಯೂಯಾರ್ಕ್, ವರ್ಮಾಂಟ್, ವಾಷಿಂಗ್ಟನ್ ರಾಜ್ಯಗಳು ಕೊಡುವ ಎನ್‌ಹ್ಯಾನ್ಸ್ಡ್ ಲೈಸೆನ್ಸ್ ಬೇರೆಯದು, ಅದು ಪೌರತ್ವಕ್ಕೂ ಪುರಾವೆ, ಹಾಗಾಗಿ ಅದೊಂದೇ ಸಾಕಾಗುತ್ತದೆ.

ನಿಮಗೆ ಗ್ರೀನ್ ಕಾರ್ಡ್ ಮತ್ತು ಭಾರತದ ಪಾಸ್‌ಪೋರ್ಟ್ ಎರಡೂ ಬೇಕು. ಕಾರ್ಡ್ ಅಮೆರಿಕಕ್ಕೆ ಮರಳಲು, ಪಾಸ್‌ಪೋರ್ಟ್ ಹಡಗಿನವರಿಗೆ ಮತ್ತು ನಡುವಿನ ಬಂದರುಗಳಿಗೆ. ಕಾರ್ಡ್ ಅವಧಿ ಮುಗಿದು ನವೀಕರಣಕ್ಕೆ ಐ-90 ಅರ್ಜಿ ಹಾಕಿದ್ದರೆ, ಅವಧಿಯನ್ನು 36 ತಿಂಗಳು ವಿಸ್ತರಿಸಿರುವ ರಸೀದಿ ಪತ್ರವನ್ನು ಹಳೆಯ ಕಾರ್ಡ್ ಜೊತೆಗೇ ಇಟ್ಟುಕೊಳ್ಳಿ. ಬಿಡಿಯಾಗಿ ಯಾವುದೊಂದನ್ನೇ ನಂಬಿ ಹೊರಡಬೇಡಿ.

ನೀಲಿಪುಸ್ತಕ

ಹೆಂಡತಿಯವರ ವಿಷಯಕ್ಕೆ ಬರುತ್ತೇನೆ, ಅಲ್ಲೊಂದು ಬಲೆಯಿದೆ.

ನ್ಯಾಚುರಲೈಸೇಶನ್ ಸರ್ಟಿಫಿಕೇಟ್ (ಪೌರತ್ವ ಸಿಕ್ಕ ಪತ್ರ) ಮತ್ತು ಲೈಸೆನ್ಸ್ ಹಿಡಿದು ಅವರು ಈ ಕ್ರೂಸ್ ಹತ್ತಬಹುದು, ನಿಯಮ ಒಪ್ಪುತ್ತದೆ. ಆದರೆ ಹಡಗಿನವರು ಮೂಲ ಪ್ರತಿಯನ್ನೇ ಕೇಳುತ್ತಾರೆ. ಅದು ಕಳೆದರೆ ಬದಲಿಗಾಗಿ ಎನ್‌-565 ಅರ್ಜಿ ಹಾಕಬೇಕು, ಶುಲ್ಕವೇ ಐನೂರು ಡಾಲರ್ ದಾಟುತ್ತದೆ, ಕಾಯುವುದು ತಿಂಗಳುಗಟ್ಟಲೆ. ಅಂಥ ಕಾಗದವನ್ನು ಬೀಚಿಗೆ ಹೋಗುವ ಚೀಲದಲ್ಲಿ ಒಯ್ಯುವುದು ಜಾಣತನವಲ್ಲ.

ಹಾಗಾದರೆ ಪಾಸ್‌ಪೋರ್ಟ್ ಮಾಡಿಸಿ. ಬಲೆ ಇರುವುದು ಇಲ್ಲಿ: ಮೊದಲ ಸಲ ಡಿಎಸ್‌-11 ಅರ್ಜಿ ಹಾಕುವಾಗ ಅದೇ ಮೂಲ ಸರ್ಟಿಫಿಕೇಟನ್ನು ಅರ್ಜಿಯ ಜೊತೆ ಒಪ್ಪಿಸಬೇಕು. ಪಾಸ್‌ಪೋರ್ಟ್ ಒಂದು ಕವರಿನಲ್ಲಿ, ಸರ್ಟಿಫಿಕೇಟ್ ಇನ್ನೊಂದರಲ್ಲಿ ಬೇರೆ ಬೇರೆ ದಿನ ಮರಳಬಹುದು. ಹಡಗು ಹೊರಡಲು ಮೂರು ವಾರ ಇರುವಾಗ ಅರ್ಜಿ ಹಾಕಿದರೆ, ಹೊರಡುವ ದಿನ ಕೈಯಲ್ಲಿ ಎರಡೂ ಇರುವುದಿಲ್ಲ. ಸಾಮಾನ್ಯ ಅರ್ಜಿಗೆ 4ರಿಂದ 6 ವಾರ, ಅದರ ಮೇಲೆ ಅಂಚೆಯ ಸಮಯ. 60 ಡಾಲರ್ ಹೆಚ್ಚು ಕೊಟ್ಟರೆ ತ್ವರಿತ ಸೇವೆ ಇದೆ.

ಪಾಸ್‌ಪೋರ್ಟ್ ಪುಸ್ತಕಕ್ಕೆ 130 ಡಾಲರ್, ಪಾಸ್‌ಪೋರ್ಟ್ ಕಾರ್ಡಿಗೆ 30, ಅರ್ಜಿ ಸ್ವೀಕರಿಸುವವರಿಗೆ 35. ಒಟ್ಟಿಗೆ ಕೇಳಿದರೆ 35 ಒಂದೇ ಸಲ. ಮಕ್ಕಳಿಗೆ ಪುಸ್ತಕ 100, ಕಾರ್ಡ್ 15. 16ರೊಳಗಿನ ಮಗುವಿಗೆ ತಂದೆ-ತಾಯಿ ಇಬ್ಬರೂ ಹೋಗಬೇಕು, ಒಬ್ಬರಿಗೆ ಆಗದಿದ್ದರೆ ನೋಟರಿ ಮಾಡಿಸಿದ ಡಿಎಸ್‌-3053 ಒಪ್ಪಿಗೆ ಪತ್ರ.

ಅಗ್ಗವೆಂದು ಕಾರ್ಡ್ ಮಾತ್ರ ಮಾಡಿಸುವವರಿದ್ದಾರೆ. ಕೆರಿಬಿಯನ್, ಮೆಕ್ಸಿಕೋ, ಕೆನಡಾ, ಬರ್ಮುಡಾದಿಂದ ಸಮುದ್ರ ಅಥವಾ ಭೂಮಾರ್ಗದಲ್ಲಿ ಮರಳಲು ಅದು ಸಾಕು. ಅಂತರರಾಷ್ಟ್ರೀಯ ವಿಮಾನಕ್ಕೆ ಬರುವುದಿಲ್ಲ.

ಸಾಗರಿ

ಇಷ್ಟೊಂದು ಹೆದರಿಸಬೇಡಿ ಸ್ವಾಮಿ. ವಿಮಾನವೇ ಹತ್ತದ ಪ್ರವಾಸಕ್ಕೆ ಪುಸ್ತಕ ಯಾಕೆ? ಬರ್ತ್ ಸರ್ಟಿಫಿಕೇಟ್‌ನಲ್ಲಿ ಸಾವಿರಾರು ಜನ ಹೋಗಿ ಬರುತ್ತಾರೆ.

ನೀಲಿಪುಸ್ತಕ

@ಸಾಗರಿ, ಹೋಗಿ ಬರುವುದಕ್ಕೆ ಸಾಕು ಅನ್ನುವುದನ್ನು ನಾನು ಅಲ್ಲಗಳೆಯುತ್ತಿಲ್ಲ. ಪುಸ್ತಕ ಬೇಕಾಗುವುದು ಯಾನ ನಡುವೆ ಮುರಿದಾಗ. ನಸ್ಸೌನಲ್ಲಿ ಹಡಗು ತಪ್ಪಿದರೆ, ಹಡಗಿನ ವೈದ್ಯರು ರೋಗಿಯನ್ನು ದಡದ ಆಸ್ಪತ್ರೆಗೆ ಇಳಿಸಿದರೆ ಮನೆಗೆ ಬರುವ ದಾರಿ ವಿಮಾನ. ಆಗ ರಾಯಭಾರ ಕಚೇರಿಯಲ್ಲಿ ತುರ್ತು ಪಾಸ್‌ಪೋರ್ಟ್ ಕೇಳಬೇಕು, ಶನಿವಾರ-ಭಾನುವಾರ ಅಡ್ಡ ಬಂದರೆ ಹೋಟೆಲ್ ಖರ್ಚು ನಿಮ್ಮದೇ. ಇನ್ನೊಂದು, ಮಾರ್ಟಿನೀಕ್‌ನಂಥ ಕೆಲವು ದ್ವೀಪಗಳು ಬಂದರೆ ಕ್ಲೋಸ್ಡ್ ಲೂಪ್ ಆದರೂ ಪಾಸ್‌ಪೋರ್ಟ್ ಕೇಳುತ್ತಾರೆ. ಅಮೆರಿಕದ ರಿಯಾಯಿತಿ ಅಮೆರಿಕಕ್ಕೆ ಮರಳುವುದಕ್ಕಷ್ಟೇ, ಬೇರೆ ದೇಶ ಏನು ಕೇಳಬೇಕೆಂದು ಅದು ಹೇಳುವುದಿಲ್ಲ.

ಫಾರ್ಮ್‌ಪಂಡಿತ

ಭಾಮೈದನವರ ವಿಷಯ ಯಾರೂ ಮುಟ್ಟಿಲ್ಲ. ಅದೇ ಎಲ್ಲಕ್ಕಿಂತ ಗಂಭೀರ.

ಹಡಗು ನಸ್ಸೌ ತಲುಪಿದ ಮೇಲೆ ಅವರು ಅಮೆರಿಕ ಬಿಟ್ಟು ಹೊರಟಂತೆ. ಮರಳಲು ಚಾಲ್ತಿಯಲ್ಲಿರುವ ವೀಸಾ ಬೇಕು. ಐ-797 ಸ್ಟೇಟಸ್‌ನ ಕಾಗದ, ಅದು ವೀಸಾ ಅಲ್ಲ. "ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಇದೆಯಲ್ಲ" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಇದೆ, ಅಮೆರಿಕದ ನಿಯಮಾವಳಿಯ 22 ಸಿಎಫ್‌ಆರ್ 41.112(ಡಿ). ಮುಗಿದ ವೀಸಾದಲ್ಲೇ 30 ದಿನದೊಳಗೆ ಮರಳಲು ಅವಕಾಶ ಕೊಡುತ್ತದೆ. ಆದರೆ ಎಚ್‌-1ಬಿಯವರಿಗೆ ಅದು ಕೆನಡಾ ಮತ್ತು ಮೆಕ್ಸಿಕೋಗೆ ಮಾತ್ರ. ಕ್ಯೂಬಾ ಬಿಟ್ಟು ಉಳಿದ ನೆರೆಯ ದ್ವೀಪಗಳ ಸೌಲಭ್ಯ ಎಫ್ (ವಿದ್ಯಾರ್ಥಿ) ಮತ್ತು ಜೆ (ವಿನಿಮಯ) ವೀಸಾದವರಿಗಷ್ಟೇ ಇದೆ. ನಿಮ್ಮ ಹಡಗಿನ ದಾರಿಯಲ್ಲಿ ನಸ್ಸೌ ಇರುವುದರಿಂದ ನಿಮ್ಮ ಭಾಮೈದನಿಗೆ ಆ ಬಾಗಿಲು ಮುಚ್ಚಿತು.

ಸರಿ, ಕೊಝುಮೆಲ್ ಮಾತ್ರ ಇರುವ ಹಡಗು ಹುಡುಕಿದರೆ? ಅಲ್ಲಿ ಇನ್ನೊಂದು ಪೆಟ್ಟು. ಭಾರತೀಯರಿಗೆ ಮೆಕ್ಸಿಕೋ ವೀಸಾ ಮಾಫಿ ಇರುವುದು ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ. ಸ್ಟ್ಯಾಂಪ್ ಮುಗಿದಿದ್ದರೆ ಮೆಕ್ಸಿಕೋದ ವೀಸಾ ಬೇಕಾಗಬಹುದು. ಮೊದಲು ಹೊಸ ವೀಸಾ ಸ್ಟ್ಯಾಂಪ್ ಹಾಕಿಸಿಕೊಂಡು ಆಮೇಲೆ ಹಡಗು ಹತ್ತುವುದೇ ಸರಿಯಾದ ಕ್ರಮ.

ಐ-485 (ಗ್ರೀನ್ ಕಾರ್ಡ್ ಅರ್ಜಿ) ಬಾಕಿ ಇರುವವರೂ ಇದನ್ನು ಓದುತ್ತಿದ್ದರೆ: ಎಚ್ ಅಥವಾ ಎಲ್ ಸ್ಟೇಟಸ್ ಉಳಿಸಿಕೊಂಡಿಲ್ಲದೆ, ಅಡ್ವಾನ್ಸ್ ಪೆರೋಲ್ (ಹೊರಹೋಗಿ ಮರಳಲು ಮುಂಗಡ ಅನುಮತಿ) ಕೈಗೆ ಬರುವ ಮೊದಲೇ ಕ್ರೂಸ್‌ಗೆ ಹೋದರೆ ಅರ್ಜಿಯನ್ನು ಕೈಬಿಟ್ಟಂತೆ ಲೆಕ್ಕ.

ಅಪ್ಪ-ಅಮ್ಮನವರಿಗೆ ಪಾಸ್‌ಪೋರ್ಟ್ ಮತ್ತು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವ ಬಿ1/ಬಿ2 ವೀಸಾ. ವೀಸಾ ಹಳೆಯ ಪಾಸ್‌ಪೋರ್ಟ್‌ನಲ್ಲಿದ್ದರೆ ಎರಡೂ ಪುಸ್ತಕ ಒಯ್ಯಿರಿ. ಹೊರಡುವ ಮುಂಚೆ ಅವರ ಐ-94 ತೆಗೆದು ತಾರೀಖು ನೋಡಿ. ಕ್ರೂಸ್‌ನಿಂದ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆ ಎಂದು ನಂಬಿಕೊಳ್ಳಬೇಡಿ. ನೆರೆಯ ದೇಶ, ದ್ವೀಪಗಳಿಗೆ 30 ದಿನದೊಳಗೆ ಹೋಗಿ ಬಂದವರನ್ನು ಹಳೆಯ ತಾರೀಖಿಗೇ ಒಳಗೆ ಬಿಡಬಹುದು. ಬಂದ ಮೇಲೆ ಮತ್ತೆ ಐ-94 ನೋಡಿ.

ಬಹಾಮಾಸ್‌ನ ವೀಸಾ ಪ್ರಶ್ನೆಗೆ "ಭಾರತದ ಪಾಸ್‌ಪೋರ್ಟ್, ಬಿ2 ವೀಸಾ, ಇಂಥ ದಿನದ ಇಂಥ ಹಡಗು" ಎಂದು ಬರೆದು ಕ್ರೂಸ್ ಕಂಪನಿಯಿಂದ ಇಮೇಲ್‌ನಲ್ಲೇ ಉತ್ತರ ತರಿಸಿ. ಫೋನಿನಲ್ಲಿ ಹೇಳಿದ್ದು ಟರ್ಮಿನಲ್‌ನಲ್ಲಿ ನಿಲ್ಲುವುದಿಲ್ಲ. ದಾಖಲೆ ಸಾಲದೆ ಹಡಗು ಹತ್ತಿಸಿಕೊಳ್ಳದಿದ್ದರೆ ಟಿಕೆಟ್ ಹಣವೂ ವಾಪಸ್ ಬರುವುದಿಲ್ಲ.

ಬಂದರುಕಟ್ಟೆ

ಅಲಾಸ್ಕಾ ಸಲೀಸು ಅಂದುಕೊಂಡವರಿಗೆ ಒಂದು ಮಾತು. 1886ರ ಪ್ಯಾಸೆಂಜರ್ ವೆಸಲ್ ಸರ್ವಿಸಸ್ ಆ್ಯಕ್ಟ್ ಇನ್ನೂ ಜೀವಂತವಾಗಿದೆ. ವಿದೇಶಿ ಬಾವುಟದ ಹಡಗು ಬರೀ ಅಮೆರಿಕದ ಬಂದರುಗಳನ್ನು ಸುತ್ತಿಸಿ ಪ್ರಯಾಣಿಕರನ್ನು ತರುವಂತಿಲ್ಲ, ನಡುವೆ ಒಂದಾದರೂ ವಿದೇಶಿ ಬಂದರು ಮುಟ್ಟಬೇಕು. ದೊಡ್ಡ ಕ್ರೂಸ್ ಹಡಗುಗಳು ಬಹುತೇಕ ವಿದೇಶಿ ಬಾವುಟದವೇ. ಸಿಯಾಟಲ್‌ನಿಂದ ಹೊರಟವು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಾಲ್ಕಾರು ಗಂಟೆ ನಿಲ್ಲುವುದು ಇದಕ್ಕೇ.

ಆ ನಾಲ್ಕಾರು ಗಂಟೆಗಾಗಿ ಅಪ್ಪ-ಅಮ್ಮ ಮತ್ತು ಭಾಮೈದನಿಗೆ ಕೆನಡಾದ ವಿಸಿಟರ್ ವೀಸಾ ಬೇಕು. ಇಳಿಯದೆ ಕ್ಯಾಬಿನ್‌ನಲ್ಲೇ ಕೂರುತ್ತೇವೆ ಅಂದರೆ ಹಡಗಿನವರು ಕೇಳುವುದಿಲ್ಲ, ಸಿಯಾಟಲ್‌ನಲ್ಲೇ ತಡೆಯುತ್ತಾರೆ. ನಿಮಗೆ ತೊಂದರೆಯಿಲ್ಲ, ಪಾಸ್‌ಪೋರ್ಟ್ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಆ ವೀಸಾ ಬೇಡ.

ತಮಾಷೆಯೆಂದರೆ ಭಾಮೈದನ ಮಟ್ಟಿಗೆ ಅಲಾಸ್ಕಾವೇ ಮೇಲು. ಕೆನಡಾ ವೀಸಾ ಸಿಕ್ಕರೆ ಫಾರ್ಮ್‌ಪಂಡಿತರು ಹೇಳಿದ ನಿಯಮ ಅಲ್ಲಿ ಕೆಲಸ ಮಾಡುತ್ತದೆ. ಐ-94 ಚಾಲ್ತಿಯಲ್ಲಿರಬೇಕು, ನಡುವೆ ಹೊಸ ಅಮೆರಿಕನ್ ವೀಸಾಕ್ಕೆ ಅರ್ಜಿ ಹಾಕಿರಬಾರದು. ಕೌಂಟರಿನವರಿಗೆ ಈ ನಿಯಮ ಗೊತ್ತಿರದಿರುವುದು ಸಾಮಾನ್ಯ. ಅದರ ಪ್ರಿಂಟ್ ಕೈಯಲ್ಲಿರಲಿ, ಕಂಪನಿಯ ಒಪ್ಪಿಗೆಯನ್ನು ಮೊದಲೇ ಇಮೇಲ್‌ನಲ್ಲಿ ತೆಗೆದುಕೊಳ್ಳಿ.

ಇನಿಶಿಯಲ್ಸ್

ಹೆಸರಿನ ಬಗ್ಗೆ. ನಮ್ಮ ಕಡೆಯ ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುವುದುಂಟು. ಆಗ ಅಮೆರಿಕದ ವೀಸಾದಲ್ಲಿ ಇಡೀ ಹೆಸರು ಸರ್‌ನೇಮ್ ಆಗಿ, ಗಿವನ್ ನೇಮ್ ಜಾಗದಲ್ಲಿ "ಎಫ್‌ಎನ್‌ಯು" (ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ) ಎಂದು ಬಂದಿರುತ್ತದೆ. ಬುಕಿಂಗ್ ಫಾರಂ ಎರಡೂ ಖಾನೆ ತುಂಬಲೇಬೇಕೆಂದು ಹಠ ಹಿಡಿದಾಗ ಅಪ್ಪನ ಹೆಸರನ್ನೋ ಊರಿನ ಹೆಸರನ್ನೋ ಬರೆದು ಮುಂದೆ ಹೋಗಬೇಡಿ. ಕಂಪನಿಗೆ ಫೋನ್ ಮಾಡಿ ಪಾಸ್‌ಪೋರ್ಟ್‌ನ ಕೆಳಗಿನ ಎರಡು ಸಾಲಿನ ಅಕ್ಷರಗಳಿಗೆ ಹೊಂದುವಂತೆ ಹಾಕಿಸಿ. ಹೆಂಡತಿಯ ಸರ್ಟಿಫಿಕೇಟ್‌ನಲ್ಲಿ ತವರಿನ ಹೆಸರು, ಲೈಸೆನ್ಸ್‌ನಲ್ಲಿ ನಿಮ್ಮ ಹೆಸರು ಇದ್ದರೆ ಮ್ಯಾರೇಜ್ ಸರ್ಟಿಫಿಕೇಟ್ ಸಹ ಜೊತೆಗಿರಲಿ.

ಅಲೆಮಾರಿ72

ಎಲ್ಲರಿಗೂ ಧನ್ಯವಾದ. ಹೆಂಡತಿಯ ಅರ್ಜಿ ಈ ವಾರವೇ ಹಾಕುತ್ತೇವೆ, ಭಾಮೈದನನ್ನು ಈ ಸಲಕ್ಕೆ ಬಿಟ್ಟೆವು. ಕೊನೆಯದಾಗಿ, ಬಂದರಿನಲ್ಲಿ ಇಳಿದಾಗ ಪಾಸ್‌ಪೋರ್ಟ್ ಒಯ್ಯಬೇಕೇ?

ಬಂದರುಕಟ್ಟೆ

ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನಪತ್ರ ಅಥವಾ ಆ್ಯಪ್ ನೋಡಿ, ಬೇಕಿದ್ದರೆ ಅಲ್ಲೇ ಬರೆದಿರುತ್ತಾರೆ. ಇಲ್ಲವಾದರೆ ಹಡಗಿನ ಕಾರ್ಡ್, ಲೈಸೆನ್ಸ್, ಪಾಸ್‌ಪೋರ್ಟ್‌ನ ಜೆರಾಕ್ಸ್ ಒಯ್ದು ಮೂಲವನ್ನು ಕ್ಯಾಬಿನ್ ಲಾಕರಿನಲ್ಲಿಡಿ. ಅಪ್ಪ-ಅಮ್ಮನ ಪುಸ್ತಕಗಳಂತೂ ಲಾಕರಿನಲ್ಲೇ ಇರಲಿ. ಅವು ಹೊರಗೆ ಕಳೆದರೆ ಭಾರತದ ದೂತಾವಾಸ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಮರಳಲು ಮಾತ್ರ, ಅದರಲ್ಲಿ ಅಮೆರಿಕದ ವೀಸಾ ಇರುವುದಿಲ್ಲ.

ಹತ್ತುವ ದಿನ ಮಾತ್ರ ಇವೆಲ್ಲ ಕೈಚೀಲದಲ್ಲೇ ಇರಬೇಕು. ಟರ್ಮಿನಲ್ ಹೊರಗೆ ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸ್ ಸಂಜೆ ಕ್ಯಾಬಿನ್ ಬಾಗಿಲಿಗೆ ಬರುತ್ತದೆ. ಅದರೊಳಗೆ ಪಾಸ್‌ಪೋರ್ಟ್ ಇಟ್ಟು ಕೌಂಟರಿಗೆ ಬಂದವರ ಚೀಲವನ್ನು ಆ ರಾಶಿಯಲ್ಲಿ ಹುಡುಕಿಸಬೇಕಾಗುತ್ತದೆ, ಚೆಕ್-ಇನ್ ಮುಚ್ಚುವುದರೊಳಗೆ ಸಿಗುತ್ತದೆ ಎಂಬ ಖಾತ್ರಿಯಿಲ್ಲ.